ಉಪ್ಪುನೀರಿನ ಅಕ್ವೇರಿಯಂ: ಮೀನಿನ ಬೆಲೆ ಏರಿದೆ, ಈಗೇನು ಮಾಡುವುದು?

ಪ್ರಶ್ನೆ: ಶಿರಸಿಯ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಐದು ವರ್ಷದ ಹಿಂದೆ 500 ರೂಪಾಯಿಗೆ ಸಿಗುತ್ತಿದ್ದ ಕ್ಲೌನ್ ಫಿಶ್‌ಗೆ ಈಗ 1,100 ಕೇಳುತ್ತಾರೆ. 1,800ಕ್ಕೆ ತಂದಿದ್ದ ಬ್ಲೂ ಟ್ಯಾಂಗ್ ಈಗ 4,500. ಹಳದಿ ಟ್ಯಾಂಗಿನ ದರ ಕೇಳುವ ಹಾಗೇ ಇಲ್ಲ. ಇಷ್ಟು ಕೊಟ್ಟು ತರಿಸಿದರೂ ಅರ್ಧದಷ್ಟು ಮೀನು ಒಂದು ತಿಂಗಳೊಳಗೆ ಸಾಯುತ್ತವೆ. ಅಕ್ಕನ ಮನೆ ಕಾರವಾರದಲ್ಲಿದೆ. ಅಲ್ಲಿಂದ ಸಮುದ್ರದ ನೀರು ತಂದರೆ ಖರ್ಚು ಉಳಿಯುತ್ತದೆಯೇ? ಗೋಕರ್ಣದ ಬಳಿಯ ಸಾಣಿಕಟ್ಟೆ ಗದ್ದೆಯ ಉಪ್ಪು ಆಗುತ್ತದೆಯೇ? ನೇತ್ರಾಣಿ ದ್ವೀಪದ ಹತ್ತಿರ ಇಂಥದೇ ಬಣ್ಣದ ಮೀನುಗಳಿವೆಯಂತೆ, ಮೀನುಗಾರರಿಂದ ಹಿಡಿಸಬಹುದೇ? ಬೆಲೆ ಯಾವಾಗ ಇಳಿಯಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಬೆಲೆಗಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ತರಿಸಿದ ಮೀನಿನಲ್ಲಿ ಅರ್ಧ ಸತ್ತರೆ, ಬದುಕಿದ ಒಂದೊಂದು ಕ್ಲೌನ್‌ಗೂ ನೀವು ಕೊಡುತ್ತಿರುವುದು 1,100 ಅಲ್ಲ, 2,200. ಬೆಲೆ ಏರಿಕೆಯ ಬಹುಪಾಲು ನಿಮ್ಮ ಕೈಯಲ್ಲಿಲ್ಲ, ಅದು ಇಳಿಯುವ ಲಕ್ಷಣವೂ ಇಲ್ಲ. ಸಾವು ಮಾತ್ರ ನಿಮ್ಮ ಕೈಯಲ್ಲಿದೆ. ಹಾಗಾಗಿ ಈ ಉತ್ತರದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ಬೆಲೆ ಯಾಕೆ ಏರಿತು ಎಂಬುದು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಕೊಳದಲ್ಲಿ, ತೊಟ್ಟಿಯಲ್ಲಿ ಹುಟ್ಟಿದವು. ಕಡಲಿನವು ಹಾಗಲ್ಲ, ಬಹುಪಾಲು ಇವತ್ತಿಗೂ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ ಕಡೆಯ ಹವಳದ ದಿಬ್ಬಗಳಲ್ಲಿ ಹಿಡಿದವು. ಅಲ್ಲಿಂದ ವಿಮಾನದಲ್ಲೇ ಬರಬೇಕು. ವಿಮಾನದವರು ತೂಕ ಅಥವಾ ಗಾತ್ರ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. 60, 45, 40 ಸೆಂ.ಮೀ. ಅಳತೆಯ ಥರ್ಮೋಕೋಲ್ ಪೆಟ್ಟಿಗೆಯನ್ನು ಗಾತ್ರದ ಲೆಕ್ಕದಲ್ಲಿ (ಮೂರನ್ನೂ ಗುಣಿಸಿ 6,000ದಿಂದ ಭಾಗಿಸಿದರೆ) 18 ಕಿಲೋ ಎಂದು ಹಿಡಿಯುತ್ತಾರೆ. ಒಳಗಿರುವುದು ಹೆಚ್ಚಾಗಿ ನೀರು ಮತ್ತು ಆಮ್ಲಜನಕ. ಸಣ್ಣ ಕ್ಲೌನ್‌ಗೆ ಅರ್ಧ ಲೀಟರ್ ನೀರು ಸಾಕು, ಟ್ಯಾಂಗ್‌ಗೆ ಎರಡು ಮೂರು ಲೀಟರ್ ಬೇಕು. ಅದೇ ಪೆಟ್ಟಿಗೆಯಲ್ಲಿ ಕ್ಲೌನ್ ಹತ್ತಾರು ಬಂದರೆ ಟ್ಯಾಂಗ್ ಏಳೆಂಟು ಬರುತ್ತವೆ. 2020ರ ಕೋವಿಡ್ ನಂತರ ವಿಮಾನ ಸರಕಿನ ದರ ಏರಿದಾಗ ದೊಡ್ಡ ಮೀನಿಗೆ ಹೆಚ್ಚು ಪೆಟ್ಟು ಬಿದ್ದದ್ದು ಇದೇ ಕಾರಣಕ್ಕೆ. ನಿಮ್ಮ ಟ್ಯಾಂಗ್ ಎರಡೂವರೆ ಪಟ್ಟು, ಕ್ಲೌನ್ ಎರಡು ಪಟ್ಟು ಏರಿದ್ದರಲ್ಲೂ ಅದೇ ಕಾಣುತ್ತದೆ. ಆಮದು ಸುಂಕ ಬೀಳುವುದು ಸಾಗಣೆ ಖರ್ಚು, ವಿಮೆ ಎಲ್ಲ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಡಾಲರ್: 2019ರಲ್ಲಿ 70 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 2024ರ ಕೊನೆಗೆ 84 ದಾಟಿತು.

ಹಳದಿ ಟ್ಯಾಂಗಿನ ಕಥೆ ಬೇರೆ. ಅದು ಮುಖ್ಯವಾಗಿ ಹವಾಯಿಯಿಂದ ಬರುತ್ತಿತ್ತು. ಪರಿಸರ ಪರಿಶೀಲನೆಯಿಲ್ಲದೆ ಅಕ್ವೇರಿಯಂ ಮೀನು ಹಿಡಿಯಲು ಪರವಾನಗಿ ಕೊಡುವಂತಿಲ್ಲ ಎಂದು 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು, 2021ರ ಹೊತ್ತಿಗೆ ಇಡೀ ರಾಜ್ಯದಲ್ಲಿ ಮಾರಾಟಕ್ಕೆ ಅಕ್ವೇರಿಯಂ ಮೀನು ಹಿಡಿಯುವುದು ನಿಂತಿತು. ಹವಾಯಿಯಲ್ಲೇ 2015ರಲ್ಲಿ ಈ ಮೀನನ್ನು ತೊಟ್ಟಿಯಲ್ಲಿ ಹುಟ್ಟಿಸಿ ಬೆಳೆಸಿದ್ದರು. ಮರುವರ್ಷ ಫ್ಲೋರಿಡಾದಲ್ಲಿ ಬ್ಲೂ ಟ್ಯಾಂಗ್ ಕೂಡ ಆಯಿತು. ಆದರೂ ಅಗ್ಗವಾಗಲಿಲ್ಲ, ಯಾಕೆಂದರೆ ಟ್ಯಾಂಗ್ ಮೊಟ್ಟೆಯನ್ನು ನೀರಿನಲ್ಲಿ ತೇಲಿ ಬಿಡುತ್ತದೆ, ಹೊರಬರುವ ಮರಿಯ ಬಾಯಿ ತೀರಾ ಸಣ್ಣದು. ಅದಕ್ಕೆ ಕೋಪೆಪಾಡ್ ಎಂಬ ತೀರಾ ಸಣ್ಣ ಜಲಜೀವಿಯ ಮರಿಗಳನ್ನೇ ಬೆಳೆಸಿ ತಿನ್ನಿಸಬೇಕು, ಲಾರ್ವಾ ಹಂತ ಸುಮಾರು ಎರಡು ತಿಂಗಳು. ಕ್ಲೌನ್ ಹಾಗಲ್ಲ. ಕಲ್ಲಿಗೆ ಅಂಟಿಸಿ ಮೊಟ್ಟೆಯಿಡುತ್ತದೆ, ಗಂಡು ಕಾಯುತ್ತದೆ, ಮರಿ ಮೊದಲ ದಿನದಿಂದಲೇ ರೋಟಿಫರ್ ಎಂಬ ಸೂಕ್ಷ್ಮ ಜಲಜೀವಿಯನ್ನು ತಿನ್ನುತ್ತದೆ, ಎರಡು ವಾರದೊಳಗೆ ಪಟ್ಟೆ ಮೂಡಿ ಪುಟ್ಟ ಕ್ಲೌನ್ ಆಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಹಲವು ಜಾತಿಯ ಕ್ಲೌನ್, ಡ್ಯಾಮ್ಸೆಲ್‌ಗಳ ಮರಿ ಮಾಡುವ ವಿಧಾನವನ್ನು ಎಂದೋ ಸಿದ್ಧಪಡಿಸಿದೆ. ಇದೇ ಸಂಸ್ಥೆಯ ಕಾರವಾರ ಕೇಂದ್ರ ಹೆಸರಾಗಿರುವುದು ಪಂಜರ ಮೀನುಕೃಷಿಗೆ, ಅಂದರೆ ಸೀಬಾಸ್, ಕೋಬಿಯಾದಂಥ ತಿನ್ನುವ ಮೀನಿಗೆ. ಅಲ್ಲಿ ಬಣ್ಣದ ಮೀನು ಹುಡುಕಿಕೊಂಡು ಹೋಗಬೇಡಿ.

ಇದರಿಂದ ಖರೀದಿಯ ನಿಯಮ ತಾನೇ ಹೊರಡುತ್ತದೆ. ಭಾರತದಲ್ಲೇ ಹುಟ್ಟಿದ ಸಾದಾ ಆಸೆಲಾರಿಸ್ ಅಥವಾ ಪರ್ಕುಲಾ ಕ್ಲೌನ್ ಕೇಳಿ, ಅದಕ್ಕೆ ಡಾಲರಿನ, ಸುಂಕದ ಹಂಗಿಲ್ಲ. ಸ್ನೋಫ್ಲೇಕ್, ಪಿಕಾಸೋ ಎಂದೆಲ್ಲ ಹೆಸರಿಟ್ಟು ಮಾರುವುದು ಇದೇ ಮೀನಿನ ಚಿತ್ತಾರ ಬದಲಾದ ತಳಿಗಳು. ಬೆಲೆ ಹೆಚ್ಚು, ಗಟ್ಟಿತನ ಹೆಚ್ಚಲ್ಲ. ಇನ್ನು ಬ್ಲೂ ಟ್ಯಾಂಗ್. ಅದು 25 ಸೆಂ.ಮೀ. ದಾಟಿ ಬೆಳೆಯುವ, ಇಡೀ ದಿನ ಈಜುವ ಮೀನು. ಆರಡಿ ಉದ್ದದ ಟ್ಯಾಂಕ್ ಇಲ್ಲದವರಿಗೆ ಅದು ಯಾವ ಬೆಲೆಗೆ ಸಿಕ್ಕರೂ ದುಬಾರಿಯೇ. 200 ಲೀಟರಿನಲ್ಲಿ ಒತ್ತಡಕ್ಕೆ ಬಿದ್ದು ಮೊದಲು ಬಿಳಿಚುಕ್ಕೆ ರೋಗ ಹಿಡಿಸಿಕೊಳ್ಳುವುದು, ಉಳಿದ ಮೀನಿಗೆ ಹರಡುವುದು ಅದೇ. ಅದನ್ನು ಬಿಟ್ಟುಬಿಡಿ. ನಿಮ್ಮ ಟ್ಯಾಂಕಿಗೆ ಒಂದು ಜೋಡಿ ಕ್ಲೌನ್, ಒಂದು ಫೈರ್‌ಫಿಶ್ ಗೋಬಿ, ಒಂದು ಟೇಲ್‌ಸ್ಪಾಟ್ ಬ್ಲೆನ್ನಿ, ಕೊನೆಗೆ ಒಂದು ಹಳದಿ ಬಾಲದ ಡ್ಯಾಮ್ಸೆಲ್ ಸಾಕು. ಡ್ಯಾಮ್ಸೆಲ್ ಕೊನೆಗೇ ಬರಬೇಕು. ಮೊದಲು ಬಿಟ್ಟರೆ ಇಡೀ ಟ್ಯಾಂಕ್ ತನ್ನದೆಂದು ಬಂದವರನ್ನೆಲ್ಲ ಅಟ್ಟುತ್ತದೆ.

ಈಗ ನೀರಿನ ವಿಚಾರ. ಅಕ್ಕ ಕಾರವಾರದಲ್ಲಿದ್ದಾರೆಂಬ ಕಾರಣಕ್ಕೆ ಶಿರಸಿಗೆ ನೀರು ಹೊರುವುದು ಲಾಭವಲ್ಲ. ಲೀಟರಿಗೆ 37–38 ಗ್ರಾಂ ಸಾಲ್ಟ್ ಮಿಕ್ಸ್ (ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಉಪ್ಪು) ಬೇಕು. ವಾರಕ್ಕೆ ಶೇಕಡಾ 10 ನೀರು ಬದಲಿಸಿದರೆ, ಅಂದರೆ 20 ಲೀಟರಿಗೆ, ಮುಕ್ಕಾಲು ಕಿಲೋ. 20 ಕಿಲೋ ಚೀಲ ಆರು ತಿಂಗಳು ಬರುತ್ತದೆ. ಘಟ್ಟ ಇಳಿದು ಹತ್ತುವ ಡೀಸೆಲ್ ಲೆಕ್ಕ ಹಾಕಿದರೆ ನೀರಿನ ಕ್ಯಾನು ಸೋಲುತ್ತದೆ. ಹೇಗೂ ಕಾರು ಹೋಗುವುದಿದ್ದರೆ ನಾಲ್ಕು ಕ್ಯಾನು ತುಂಬಿಕೊಂಡು ಬನ್ನಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕಾರವಾರದಲ್ಲೇ ಇರುವವರಿಗೆ ಮಾತ್ರ ಸಮುದ್ರದ ನೀರು ನಿಜವಾದ ಉಳಿತಾಯ.

ತರುವುದಾದರೆ ಡಿಸೆಂಬರಿನಿಂದ ಮೇ ಮಧ್ಯದವರೆಗೆ ಮಾತ್ರ. ಜೂನ್‌ನಿಂದ ಕಾಳಿ, ಗಂಗಾವಳಿ, ಅಘನಾಶಿನಿಗಳ ಕೆಂಪು ನೀರು ದಡದ ಉಪ್ಪನ್ನು ತೆಳ್ಳಗಾಗಿಸುತ್ತದೆ. ಮಳೆ ನಿಂತ ಮೇಲೂ ಕೆಲ ವಾರ ತಳದ ಕಡಿಮೆ ಆಮ್ಲಜನಕದ, ಗೊಬ್ಬರದಂಶ ಹೆಚ್ಚಿರುವ ನೀರು ಮೇಲೆ ಬರುತ್ತಿರುತ್ತದೆ. ಕೋಡಿಬಾಗ, ಸದಾಶಿವಗಡದ ಅಳಿವೆ ಬೇಡ, ಬೈತಖೋಲ ಬಂದರಿನ ಎಣ್ಣೆ ನೀರು ಬೇಡವೇ ಬೇಡ. ಮಾಜಾಳಿ, ತಿಳಮಾತಿ ಕಡೆಯ ಬಂಡೆ ದಡದಲ್ಲಿ ಭರತ (ಉಬ್ಬರ) ತುಂಬಿದಾಗ ತುಂಬಿಕೊಳ್ಳಿ, ದೋಣಿಯವರು ಪರಿಚಯವಿದ್ದರೆ ಮೂರು ನಾಲ್ಕು ಕಿಲೋಮೀಟರ್ ಒಳಗಿನಿಂದ ತರಿಸಿ. ಸಾಂದ್ರತೆ (ಸಿಹಿನೀರನ್ನು 1.000 ಎಂದು ಹಿಡಿದ ಅಳತೆ) 1.023ಕ್ಕಿಂತ ಕೆಳಗಿದ್ದರೆ ಬಿಟ್ಟು ಬನ್ನಿ. ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತಿದ್ದರೆ, ಹಗಲಲ್ಲಿ ನೀರು ಹಸಿರಾಗಿಯೋ ಕೆಂಪಾಗಿಯೋ ಇದ್ದರೆ ಅದು ಸೂಕ್ಷ್ಮಜೀವಿಗಳ ಸುಗ್ಗಿ. ನೋಡಲು ಚೆಂದ, ಟ್ಯಾಂಕಿಗೆ ಆಗದು.

ತಂದ ನೀರನ್ನು 5 ಮೈಕ್ರಾನ್ ಚೀಲದಲ್ಲಿ ಸೋಸಿ. 100 ಲೀಟರಿಗೆ ಶೇಕಡಾ 4ರ ಸಾದಾ ಬ್ಲೀಚ್ ದ್ರಾವಣ 25 ಮಿ.ಲೀ. ಹಾಕಿದರೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು) ಕ್ಲೋರಿನ್ ಆಗುತ್ತದೆ. ಪರಿಮಳ, ಸೋಪು ಬೆರೆತ ಬ್ಲೀಚ್ ಬೇಡ. 24 ಗಂಟೆ ಏರ್‌ಸ್ಟೋನ್ ಹಾಕಿ ಬಿಟ್ಟು, ಆಮೇಲೆ 7 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಕರಗಿಸಿ ಹಾಕಿ. ಈಜುಕೊಳದವರು ಬಳಸುವ ಕ್ಲೋರಿನ್ ಹನಿಯಿಂದ ಪರೀಕ್ಷಿಸಿದಾಗ ಹಳದಿ ಬಣ್ಣ ಒಂದಿಷ್ಟೂ ಬರಬಾರದು.

ಕ್ಯಾನಿನ ವಿಷಯದಲ್ಲಿ ಶಿರಸಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಮನೆಗಳಲ್ಲಿ ಯಾವ ಡ್ರಮ್ಮಿನಲ್ಲಿ, ಯಾವ ಕೊಡದಲ್ಲಿ ಮೈಲುತುತ್ತ ಕರಗಿಸಿದ್ದರು ಎಂದು ಯಾರಿಗೂ ನೆನಪಿರುವುದಿಲ್ಲ. ಆ ಔಷಧಿಯಾದ ಬೋರ್ಡೋ ದ್ರಾವಣದ ಜೀವಾಳವೇ ತಾಮ್ರ. ಅದರ ಲೇಶ ಉಳಿದರೂ ಸೀಗಡಿ, ಬಸವನಹುಳು, ಹವಳ ಸಾಯುತ್ತವೆ. ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಪಕ್ಕದ ಮಾಡಿನಿಂದ ಹಿಡಿದ ಮಳೆನೀರೂ ಬೇಡ. ಟ್ಯಾಂಕಿಗೆಂದೇ ಹೊಸ ಆಹಾರ ದರ್ಜೆಯ ಕ್ಯಾನು ಇಟ್ಟುಕೊಳ್ಳಿ, ಮೇಲೆ ಬಣ್ಣದಿಂದ ಗುರುತು ಹಾಕಿ.

ಸಾಲ್ಟ್ ಕರಗಿಸಲು ಆರ್‌ಒ ನೀರು. ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಹೆಚ್ಚಾಗಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ನಿಯಂತ್ರಕ, ಮಿನರಲ್ ಕಾರ್ಟ್ರಿಜ್ ಇರುತ್ತವೆ. ಅವು ಸೋಸಿದ ನೀರಿಗೆ ಬಾವಿ ನೀರನ್ನೂ ಖನಿಜವನ್ನೂ ಮತ್ತೆ ಸೇರಿಸುತ್ತವೆ. ಪೊರೆಯಿಂದ ನೇರ ಹೊರಬರುವ ಕೊಳವೆಗೆ ಒಂದು ಟಿ-ಜೋಡಣೆ ಹಾಕಿಸಿ ಅಲ್ಲಿಂದ ನೀರು ಹಿಡಿಯಿರಿ. ಟಿಡಿಎಸ್ 5ರೊಳಗೆ ಬಂದರೆ ಒಳ್ಳೆಯದು, ಬಾರದಿದ್ದರೆ ಮುಂದೆ ಉಳಿದ ಲವಣ ಹೀರುವ ಒಂದು ಡಿಐ ರಾಳದ ಕೊಳವೆ ಜೋಡಿಸಿ.

ಸಾಣಿಕಟ್ಟೆ ಉಪ್ಪು ಬೇಡ. ಅದರ ಗುಣದ ದೋಷವಲ್ಲ, ಉಪ್ಪು ಆಗುವ ಕ್ರಮವೇ ಹಾಗೆ. ಗದ್ದೆಯಲ್ಲಿ ಸಮುದ್ರದ ನೀರು ಬತ್ತುವಾಗ ಮೊದಲು ಸುಣ್ಣ, ಆಮೇಲೆ ಜಿಪ್ಸಂ ಕೆಳಗೆ ಕೂರುತ್ತದೆ. ಅಲ್ಲಿಗೆ ಕ್ಯಾಲ್ಸಿಯಂ ಹೋಯಿತು. ನೀರು ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ, ಪೊಟ್ಯಾಷಿಯಂಗಳ ಬಹುಪಾಲು ಕೊನೆಗೆ ಉಳಿದ ಕಹಿ ನೀರಿನಲ್ಲಿ ಹೊರಹೋಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 410 ಮಿ.ಗ್ರಾಂ ಕ್ಯಾಲ್ಸಿಯಂ, 1,290 ಮಿ.ಗ್ರಾಂ ಮೆಗ್ನೀಷಿಯಂ, 400 ಮಿ.ಗ್ರಾಂ ಪೊಟ್ಯಾಷಿಯಂ ಇರಬೇಕು. ಬರಿಯ ಉಪ್ಪಿನ ನೀರಿನಲ್ಲಿ ಸಾಂದ್ರತೆ ಸರಿಯಾಗಿ ತೋರಿಸಿದರೂ ಇವಿಲ್ಲ, ಮೀನು ದಿನಗಳಲ್ಲಿ ಸೋಲುತ್ತದೆ. ಮೀನಿಗೆ ತಿನ್ನಿಸುವ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯ ಮೊಟ್ಟೆ ಒಡೆಸಲು ಇದನ್ನು ಲೀಟರಿಗೆ 25–30 ಗ್ರಾಂನಂತೆ ಧಾರಾಳ ಬಳಸಿ, ದುಬಾರಿ ಸಾಲ್ಟ್ ಅಲ್ಲಿ ಉಳಿಯುತ್ತದೆ.

ನೇತ್ರಾಣಿಯ ಮಾತು. ಹವಳ ಜೀವಂತವಿರಲಿ ಸತ್ತದ್ದಿರಲಿ, ಸಮುದ್ರ ಬೀಸಣಿಗೆ, ಕಡಲ್ಗುದುರೆ, ಪೈಪ್‌ಫಿಶ್, ಕಡಲ ಸೌತೆ ಇವೆಲ್ಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ 2001ರಿಂದ ಇದೆ. ಹವಳದ ತುಂಡನ್ನು ಲೈವ್ ರಾಕ್ (ಟ್ಯಾಂಕಿಗೆ ಇಡುವ, ಜೀವಿಗಳು ನೆಲೆಸಿದ ಕಲ್ಲು) ಎಂದು ತಂದರೂ ಅದೇ ಅಪರಾಧ. ಕಾನೂನು ಬಿಟ್ಟು ಲೆಕ್ಕದಿಂದ ನೋಡಿದರೂ ಗಿಟ್ಟುವುದಿಲ್ಲ. ಆ ದಿಬ್ಬದಲ್ಲಿ ಕಣ್ಣಿಗೆ ಬೀಳುವ ಚಿಟ್ಟೆಮೀನುಗಳಲ್ಲಿ ಹಲವು ಹವಳದ ಮೊಗ್ಗನ್ನೇ ತಿಂದು ಬದುಕುವಂಥವು. ಟ್ಯಾಂಕಿನಲ್ಲಿ ಉಪವಾಸ ಬಿದ್ದು ಸಾಯುತ್ತವೆ. ರಂಪಣಿ ಬಲೆಯಲ್ಲಿ ಬಂದ ಮೀನಿನ ಹುರುಪೆ, ಲೋಳೆ ಕಿತ್ತಿರುತ್ತದೆ, ಎರಡು ದಿನದಲ್ಲಿ ಹುಣ್ಣು. ಆಳದಿಂದ ಸರ್ರನೆ ಎಳೆದದ್ದರ ಗಾಳಿಚೀಲ ಉಬ್ಬಿರುತ್ತದೆ. ಊರ ಮೀನೇ ಬೇಕೆಂದರೆ ಇಳಿತದ ಹೊತ್ತಿನಲ್ಲಿ ಬಂಡೆಯ ಹೊಂಡಗಳಲ್ಲಿ ಸಿಗುವ ಪಟ್ಟೆಯ ಸಾರ್ಜೆಂಟ್ ಮೇಜರ್ ಮರಿ, ಬ್ಲೆನ್ನಿ, ಗೋಬಿಗಳನ್ನು ಕೈಬಲೆಯಿಂದ ಒಂದೆರಡು ಹಿಡಿಯಬಹುದು. ಗಟ್ಟಿಮುಟ್ಟಿನವು. ಸಾರ್ಜೆಂಟ್ ಮೇಜರ್ ದೊಡ್ಡದಾದ ಮೇಲೆ ರೌಡಿಯಾಗುತ್ತದೆ ಎಂಬುದು ನೆನಪಿರಲಿ. ಇವುಗಳಿಗೂ ಕೆಳಗೆ ಹೇಳುವ ದಿಗ್ಬಂಧನ ತಪ್ಪಿದ್ದಲ್ಲ.

ದಿಗ್ಬಂಧನಕ್ಕೆ, ಅಂದರೆ ಕ್ವಾರಂಟೈನ್‌ಗೆ, ಬರೋಣ. ತಿಂಗಳೊಳಗೆ ಅರ್ಧ ಸಾಯುತ್ತಿವೆಯೆಂದರೆ ಪರಾವಲಂಬಿ ಜೀವಿ ನಿಮ್ಮ ಟ್ಯಾಂಕಿನಲ್ಲೇ ಬೀಡುಬಿಟ್ಟಿರುವ ಸಂಭವ ಹೆಚ್ಚು. ಈಗ ಹೊಸ ಮೀನು ತರಿಸಬೇಡಿ. ಇದ್ದ ಮೀನುಗಳನ್ನು ಹೊರಗಿನ ತೊಟ್ಟಿಗೆ ಹಾಕಿ, ಮುಖ್ಯ ಟ್ಯಾಂಕನ್ನು 76 ದಿನ ಮೀನಿಲ್ಲದೆ ಓಡಿಸಿ. ಹವಳ, ಬಸವನಹುಳು, ಸೀಗಡಿ ಅಲ್ಲೇ ಇರಲಿ. ಬಿಳಿಚುಕ್ಕೆಯ ಕ್ರಿಪ್ಟೋಕ್ಯಾರಿಯಾನ್ ಮೀನಿಲ್ಲದೆ ಸಂತಾನ ಮುಂದುವರಿಸಲಾರದು, ಆದರೆ ಅದರ ಕೋಶಗಳು ತಳದಲ್ಲಿ ವಾರಗಟ್ಟಲೆ ಕಾಯುತ್ತವೆ. ಬೇಗ ಮುಗಿಸಿದರೆ ಮತ್ತೆ ಮೊದಲಿಗೇ ಬರುತ್ತದೆ.

ಬಿಳಿಚುಕ್ಕೆಗೆ ಔಷಧಿಯಿಲ್ಲದ ಅಗ್ಗದ ದಾರಿ ತೊಟ್ಟಿ ಬದಲಿಸುವುದು. 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್, ಪ್ರತಿಯೊಂದಕ್ಕೂ ಏರ್‌ಸ್ಟೋನ್, ಅಡಗಲು ಒಂದೆರಡು ಪಿವಿಸಿ ಎಲ್ಬೋ, ಶಿರಸಿಯ ಡಿಸೆಂಬರ್ ಚಳಿಗೆ 100 ವ್ಯಾಟ್ ಹೀಟರ್. ಮೀನು ಒಂದನೇ ದಿನ ಮೊದಲ ಟಬ್ಬಿಗೆ. ನಾಲ್ಕು, ಏಳು, ಹತ್ತು, ಹದಿಮೂರನೇ ದಿನ ಇನ್ನೊಂದಕ್ಕೆ. ಕೋಶದಿಂದ ಹೊಸ ಮರಿ ಹೊರಬರಲು ಕನಿಷ್ಠ ಮೂರು ದಿನ ಬೇಕು, 72 ಗಂಟೆಯೊಳಗೆ ಮೀನನ್ನು ಎತ್ತಿದರೆ ಉದುರಿದ್ದೆಲ್ಲ ಹಳೆ ಟಬ್ಬಿನಲ್ಲೇ ಉಳಿಯುತ್ತದೆ. ಆ 72 ಗಂಟೆ ಮೀರಬಾರದು. ಹಳೆ ನೀರನ್ನು ಬಲೆಯ ಜೊತೆ ಒಯ್ಯಬಾರದು. ಖಾಲಿಯಾದ ಟಬ್ಬು, ಕಲ್ಲು, ಪೈಪು ಎಲ್ಲವನ್ನೂ ಬ್ಲೀಚಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಪ್ರತಿ ಸಲ 30 ಲೀಟರಿನಂತೆ ಐದು ಸಲಕ್ಕೆ 150 ಲೀಟರ್, ಐದೂವರೆ ಕಿಲೋ ಸಾಲ್ಟ್. ಮೂರು ನಾಲ್ಕು ಸಣ್ಣ ಮೀನಿಗೆ ಒಟ್ಟಿಗೇ ಮಾಡಿದರೆ ಒಂದೊಂದರ ಪಾಲಿಗೆ ಅಲ್ಪ.

ಈ ವಿಧಾನ ವೆಲ್ವೆಟ್ ಎಂಬ ಇನ್ನೊಂದು ರೋಗಕ್ಕೆ ಸಾಲದು. ಮೈಮೇಲೆ ಸಣ್ಣ ಹುಡಿ ಎರಚಿದಂತೆ ಕಾಣುವುದು, ನೀರಿನ ಧಾರೆಗೆ ಮುಖವೊಡ್ಡಿ ಏದುಸಿರು ಬಿಡುವುದು, ಎರಡು ಮೂರು ದಿನದಲ್ಲಿ ಸಾವು, ಇದು ಅದರ ಲಕ್ಷಣ. ಅದಕ್ಕೆ ತಾಮ್ರವೇ ಬೇಕು. ಕೀಲೇಟ್ ಮಾಡಿದ (ಬೇರೊಂದು ರಾಸಾಯನಿಕಕ್ಕೆ ಬಿಗಿದ) ತಾಮ್ರವಾದರೆ 2.0ರಿಂದ 2.5 ಪಿಪಿಎಂ. ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸಿ, 14 ದಿನ ಒಂದೇ ಮಟ್ಟದಲ್ಲಿ ಹಿಡಿದು, ಆಮೇಲೆ ಶುದ್ಧ ಟಬ್ಬಿಗೆ ಬದಲಿಸಿ. ಬದಲಿಸದಿದ್ದರೆ 30 ದಿನ. ಕೀಲೇಟ್ ತಾಮ್ರ ಅಳೆಯಬಲ್ಲ ಕಿಟ್ಟೇ ಬೇಕು, ಅಯಾನಿಕ್ (ಹಾಗೆ ಬಿಗಿಯದ) ತಾಮ್ರದ ಅಳತೆ ಬೇರೆ (0.15–0.20). ಇವೆರಡನ್ನು ಅದಲುಬದಲು ಮಾಡಿದರೆ ರೋಗ ಉಳಿಯುತ್ತದೆ ಇಲ್ಲವೇ ಮೀನು ಸಾಯುತ್ತದೆ. ಟಬ್ಬಿನಲ್ಲಿ ಮರಳು, ಕಲ್ಲು ಇಡಬೇಡಿ, ತಾಮ್ರವನ್ನು ಹೀರುತ್ತವೆ. ಅಮೋನಿಯ ಕಟ್ಟುವ ದ್ರಾವಣವನ್ನು ತಾಮ್ರದ ಜೊತೆ ಹಾಕಲೇಬೇಡಿ. ಅದು ತಾಮ್ರವನ್ನು ಇನ್ನಷ್ಟು ವಿಷವಾಗಿಸಬಲ್ಲದು. ಅಮೋನಿಯಕ್ಕೆ ನಾಲ್ಕು ವಾರ ಮೊದಲೇ ಬೇರೆ ಬಕೆಟ್ಟಿನಲ್ಲಿ ಒಂದು ಸ್ಪಂಜ್ ಫಿಲ್ಟರ್ ಇಟ್ಟು ಹದಗೊಳಿಸಿರಿ (ರೋಗವಿರುವ ಈಗಿನ ಟ್ಯಾಂಕಿನಲ್ಲಿ ಬೇಡ). ಅಮೋನಿಯ 0.25 ಪಿಪಿಎಂ ದಾಟಿದರೆ ಅಷ್ಟೇ ತಾಮ್ರ ಬೆರೆಸಿದ ಹೊಸ ನೀರಿನಿಂದ ಬದಲಿಸಿ.

ಮೀನು ಬಂದ ದಿನದ ತಪ್ಪುಗಳೇ ಹಲವರ ಮೀನನ್ನು ಕೊಲ್ಲುತ್ತವೆ, ದೋಷ ಮಾತ್ರ ಅಂಗಡಿಯವನ ತಲೆಗೆ. ಸಾಲ್ಟ್ ಉಳಿಸಲು, ಪರಾವಲಂಬಿಗಳನ್ನು ಹತ್ತಿಕ್ಕಲು ಎಷ್ಟೋ ಮಾರಾಟಗಾರರು ನೀರನ್ನು 1.018–1.020ರಲ್ಲಿ ಇಟ್ಟಿರುತ್ತಾರೆ. ಅಲ್ಲಿಂದ ನೇರ 1.025ಕ್ಕೆ ಬಿಟ್ಟರೆ ಆ ದಿನ ಚೆನ್ನಾಗಿದ್ದು ಮೂರನೇ ದಿನ ಸಾಯುತ್ತದೆ. ಮೊದಲೇ ಫೋನಿನಲ್ಲಿ ಕೇಳಿ, ಟಬ್ಬನ್ನು ಅದೇ ಸಾಂದ್ರತೆಗೆ ಹೊಂದಿಸಿ, ದಿನಕ್ಕೆ 0.001ರಿಂದ 0.002ರಂತೆ ಏರಿಸಿ. ಸಾಂದ್ರತೆ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಆರ್‌ಒ ನೀರಿನಿಂದ ಸೊನ್ನೆಗೆ ತರುವುದು ಸಾಲದು, 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಮಾಪನ ದ್ರಾವಣದಿಂದ 1.026ಕ್ಕೆ ಕೂರಿಸಿ. ಇನ್ನು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮೀನು ಬಿಟ್ಟ ಇಂಗಾಲಾಮ್ಲದಿಂದ ನೀರು ಹುಳಿಯಾಗಿರುತ್ತದೆ, ಅಮೋನಿಯ ಅದರಲ್ಲಿ ನಿರುಪದ್ರವಿಯಾಗಿರುತ್ತದೆ. ಕೊಟ್ಟೆ ಬಿಚ್ಚಿ ಹನಿಹನಿಯಾಗಿ ಗಂಟೆಗಟ್ಟಲೆ ಹೊಂದಿಸುತ್ತಾ ಕೂತರೆ ಗಾಳಿ ತಾಗಿ ಪಿಎಚ್ ಏರಿ ಅದೇ ಅಮೋನಿಯ ವಿಷವಾಗುತ್ತದೆ. ಬಿಚ್ಚದೆ 15–20 ನಿಮಿಷ ತೇಲಿಸಿ, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಎತ್ತಿ ಟಬ್ಬಿಗೆ ಬಿಡಿ, ನೀರು ಚೆಲ್ಲಿ.

ಖರೀದಿಗೆ ಮುನ್ನ ಮೀನು ಊಟ ಮಾಡುವ ವಿಡಿಯೊ ಕೇಳಿ. ಮುಂಗಡ ಕೊಟ್ಟು ಅಂಗಡಿಯಲ್ಲೇ ಏಳರಿಂದ ಹತ್ತು ದಿನ ಇರಿಸಿಕೊಳ್ಳಲು ಹೇಳಿ. ದೂರದ ಪ್ರಯಾಣದಿಂದ ಸಾಯಬೇಕಾದದ್ದು ಹೆಚ್ಚಾಗಿ ಅಷ್ಟರಲ್ಲಿ ಸಾಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಶುರುವಾದ, ಸಯನೈಡ್ ವಿಷ ಬಳಸಿ ಮೀನು ಹಿಡಿಯುವ ಪದ್ಧತಿ ಪೂರ್ತಿ ನಿಂತಿಲ್ಲ. ಹಾಗೆ ಹಿಡಿದ ಮೀನು ಚೆನ್ನಾಗಿ ತಿನ್ನುತ್ತಲೇ ಸೊರಗಿ ಸಾಯುವುದುಂಟು. ಕಡಲಿನಲ್ಲಿ ಹಿಡಿದ ಮೀನು ಉಳಿದ ಅಂಗಡಿಗಳಿಗಿಂತ ಅಗ್ಗಕ್ಕೆ ಸಿಗುತ್ತಿದ್ದರೆ ಸಂಶಯಪಡಿ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯಲ್ಲಿ ನಾಲ್ಕೈದು ಜನ ಸೇರಿ ಒಂದೇ ಪೆಟ್ಟಿಗೆ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಇದಕ್ಕೆ ತಕ್ಕ ಕಾಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವ ದಿನ ಮುಚ್ಚುತ್ತದೋ ಹೇಳಲಾಗದು.

ಮಳೆಗಾಲದ ಇನ್ನೊಂದು ಕಾಟ ಕರೆಂಟು. ಮರ ಬಿದ್ದು ದಿನವಿಡೀ ಹೋದಾಗ ಮೊದಲು ಮುಗಿಯುವುದು ನೀರಿನ ಆಮ್ಲಜನಕ. ಉಪ್ಪುನೀರು 25 ಡಿಗ್ರಿಯಲ್ಲಿ ಲೀಟರಿಗೆ 6.7 ಮಿ.ಗ್ರಾಂ, 30 ಡಿಗ್ರಿಯಲ್ಲಿ 6.2 ಮಿ.ಗ್ರಾಂ ಮಾತ್ರ ಹಿಡಿದಿಡಬಲ್ಲದು, ಸಿಹಿನೀರಿಗಿಂತ ಕಡಿಮೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ 5 ವ್ಯಾಟಿನ ಡಿಸಿ ಏರ್‌ಪಂಪ್ ಕಟ್ಟಿದರೆ, ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಇಳಿಸಿದರೂ ಎಂಟು ಗಂಟೆ ನಡೆಯುತ್ತದೆ. ಇಡೀ ದಿನಕ್ಕೆ ಮನೆಯ ಇನ್ವರ್ಟರಿನಿಂದ ನೀರೆತ್ತುವ ಪಂಪ್ ಒಂದಕ್ಕೇ ಲೈನ್ ಎಳೆಸಿ, ದೀಪ, ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರ) ಬೇಡ. ಕರೆಂಟಿಲ್ಲದ ದಿನ ಆಹಾರ ಹಾಕಬೇಡಿ. ಶಿರಸಿಯ ಹವೆಗೆ ಚಿಲ್ಲರ್ ಅಗತ್ಯವಿಲ್ಲ. ಏಪ್ರಿಲ್, ಮೇನಲ್ಲಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದದ್ದಕ್ಕೆ ಸಾಲ್ಟ್ ಇಲ್ಲದ ಆರ್‌ಒ ನೀರನ್ನೇ ತುಂಬಿ.